ಬಾಸ್ ಟ್ವೀಡ್ ಹಂಚಿದ ಉಪ್ಪು ಯಾರದು?

‘ತಿನ್ನುತ್ತಾನೆ, ನಿಜ. ಆದರೆ ನಾಲ್ಕು ಜನರಿಗೆ ಕೊಡುತ್ತಾನಲ್ಲ!’

ಭ್ರಷ್ಟ ರಾಜಕಾರಣಿಯೊಬ್ಬನ ಬಗ್ಗೆ ಮಾತೆದ್ದಾಗಲೆಲ್ಲ ಈ ವಾಕ್ಯ ಬಂದೇ ಬರುತ್ತದೆ. ಚಹಾದಂಗಡಿಯಲ್ಲಿ ಬರುತ್ತದೆ, ಮದುವೆ ಹಾಲಿನಲ್ಲಿ ಬರುತ್ತದೆ, ಜಮಾತಿನ ಮೀಟಿಂಗಿನಲ್ಲೂ ಬರುತ್ತದೆ. ಹೇಳುವವರೆಲ್ಲ ಬಡವರು, ಓದದವರು ಎಂದು ತಿಳಿಯಬೇಡಿ. ಪ್ರೊಫೆಸರರು ಹೇಳುತ್ತಾರೆ, ವಕೀಲರು ಹೇಳುತ್ತಾರೆ, ನಮ್ಮಂಥ ಲೇಖಕರೂ ಹೇಳುತ್ತಾರೆ. ಹೇಳಿದ ಮೇಲೆ ಯಾರೂ ಮುಂದೆ ಮಾತಾಡುವುದಿಲ್ಲ. ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಇದು ಪೂರ್ತಿ ಸುಳ್ಳಲ್ಲ. ಅಂಥವನು ನಿಜಕ್ಕೂ ಕೊಡುತ್ತಾನೆ. ಆಸ್ಪತ್ರೆಯ ಬಿಲ್ಲು ಕಟ್ಟುತ್ತಾನೆ, ಹೆಣ್ಣುಮಗಳ ನಿಕಾಹಿಗೆ ನೆರವಾಗುತ್ತಾನೆ, ರಾತ್ರಿ ಹನ್ನೊಂದು ಗಂಟೆಗೆ ಠಾಣೆಗೆ ಫೋನು ಮಾಡಿ ಹುಡುಗನನ್ನು ಬಿಡಿಸುತ್ತಾನೆ. ಪಡೆದುಕೊಂಡವರ ಮುಂದೆ ನಿಂತು ‘ಅವನು ಕಳ್ಳ’ ಎಂದು ಕೂಗಿದರೆ ಅವರು ನಮ್ಮ ಮುಖ ನೋಡಿ ನಗುತ್ತಾರೆ. ಹಾಗಾಗಿ ಈ ವಾದವನ್ನು ಕೂಗಿ ಸೋಲಿಸಲಾಗದು. ಒಬ್ಬ ಧಣಿಯ ಇಡೀ ಬದುಕನ್ನು ಎದುರಿಗಿಟ್ಟು, ಅವನು ಕೊಟ್ಟಿದ್ದೆಷ್ಟು, ತೆಗೆದುಕೊಂಡಿದ್ದೆಷ್ಟು, ಕೊನೆಗೆ ಬಿಲ್ಲು ಕಟ್ಟಿದವರು ಯಾರು ಎಂದು ಲೆಕ್ಕ ನೋಡಬೇಕು.

ನಮ್ಮೂರಿನವನನ್ನೇ ಹಿಡಿದರೆ ಅವನ ಜಾತಿ ಯಾವುದು, ಪಕ್ಷ ಯಾವುದು ಎಂಬಲ್ಲೇ ಜಗಳ ಶುರುವಾಗುತ್ತದೆ. ಆದ್ದರಿಂದ ದೂರದವನನ್ನು ಆರಿಸಿಕೊಂಡಿದ್ದೇನೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ನ್ಯೂಯಾರ್ಕ್ ನಗರವನ್ನು ಅಂಗೈಯಲ್ಲಿಟ್ಟುಕೊಂಡು ಆಳಿದ ವಿಲಿಯಂ ಟ್ವೀಡ್. ಲೋಕ ಅವನನ್ನು ಕರೆದದ್ದು ‘ಬಾಸ್ ಟ್ವೀಡ್’ ಎಂದು. ಅವನ ಲೆಕ್ಕಪುಸ್ತಕ ಪತ್ರಿಕೆಯಲ್ಲಿ ಅಚ್ಚಾಗಿದೆ, ಅವನ ವಿಚಾರಣೆ ದಾಖಲಾಗಿದೆ, ಕೊನೆಗೆ ಅವನೇ ಬಾಯಿಬಿಟ್ಟು ಎಲ್ಲವನ್ನೂ ಹೇಳಿದ್ದಾನೆ. ಇಷ್ಟು ಸಾಕ್ಷ್ಯ ಬೇರೆ ಯಾವ ಧಣಿಯ ವಿಷಯದಲ್ಲೂ ಸುಲಭವಾಗಿ ಸಿಗುವುದಿಲ್ಲ.

ಟ್ವೀಡ್ ಹುಟ್ಟಿದ್ದು 1823ರ ಏಪ್ರಿಲ್ 3ರಂದು, ಮ್ಯಾನ್‌ಹಟನ್ನಿನ ಚೆರ್ರಿ ಬೀದಿಯಲ್ಲಿ. ತಂದೆ ಕುರ್ಚಿ ಮಾಡುವ ಕಸುಬಿನವನು. ಮಗನೂ ಅದನ್ನು ಕಲಿತ, ಜೊತೆಗೆ ಲೆಕ್ಕ ಬರೆಯುವುದನ್ನೂ ಕಲಿತ. ಆ ಕಾಲದ ನ್ಯೂಯಾರ್ಕಿನಲ್ಲಿ ಬೆಂಕಿ ಆರಿಸಲು ಸಂಬಳದ ನೌಕರರಿರಲಿಲ್ಲ. ಮೊಹಲ್ಲಾ ಮೊಹಲ್ಲಾಗಳಲ್ಲಿ ಯುವಕರ ದಳಗಳಿದ್ದವು. 1848ರಲ್ಲಿ ಹುಟ್ಟಿದ ಅಂಥದೊಂದು ದಳಕ್ಕೆ ಟ್ವೀಡ್ ನಾಯಕನಾದ. ಅದರ ಗುರುತು ಹುಲಿ. ಆಳು ಎತ್ತರ, ದಪ್ಪ, ಧಾರಾಳ ನಗೆ, ಹೆಸರು ಮರೆಯದ ನೆನಪು. ಬೆಂಕಿ ಆರಿಸುವ ಹುಡುಗರೇ ಚುನಾವಣೆಯಲ್ಲಿ ಕಾರ್ಯಕರ್ತರಾದರು. 1851ರಲ್ಲಿ ಅವನು ನಗರಸಭೆಗೆ ಗೆದ್ದ. ಆ ಸಭೆಯನ್ನು ಜನ ‘ನಲವತ್ತು ಕಳ್ಳರು’ ಎಂದೇ ಕರೆಯುತ್ತಿದ್ದರು. ಅಲಿಬಾಬನ ಕತೆ ಅಲ್ಲಿಗೂ ತಲುಪಿತ್ತು.

ಆಮೇಲೆ ಎರಡು ವರ್ಷ ವಾಷಿಂಗ್ಟನ್ನಿನ ಸಂಸತ್ತಿನಲ್ಲಿ ಕೂತು ಬಂದ. ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಹಣ ಇದ್ದದ್ದು, ಕೆಲಸ ಕೊಡುವ ಅಧಿಕಾರ ಇದ್ದದ್ದು ನಗರದಲ್ಲಿ. ಕೌಂಟಿಯ ಸೂಪರ್‌ವೈಸರ್ ಮಂಡಳಿ ಸೇರಿದ. 1863ರಲ್ಲಿ ಟ್ಯಾಮನಿ ಹಾಲಿನ ಮುಖ್ಯಸ್ಥನಾದ. ಟ್ಯಾಮನಿ ಎಂಬುದು 1780ರ ದಶಕದಲ್ಲಿ ಹುಟ್ಟಿದ ಒಂದು ಸಂಘ. ನಗರದ ಡೆಮಾಕ್ರಟಿಕ್ ಪಕ್ಷದ ಬೀಗದ ಕೈ ಅದರ ಸೊಂಟದಲ್ಲಿತ್ತು. 1868ರಲ್ಲಿ ಟ್ವೀಡ್ ರಾಜ್ಯದ ಸೆನೆಟರ್ ಆದ, 1870ರಲ್ಲಿ ನಗರದ ಲೋಕೋಪಯೋಗಿ ಕಮಿಷನರ್ ಆದ. ಮೇಯರ್ ಮಾತ್ರ ಅವನು ಎಂದೂ ಆಗಲಿಲ್ಲ. ಮೇಯರ್ ಯಾರಾಗಬೇಕೆಂದು ಹೇಳುವವನು ತಾನೇ ಯಾಕೆ ಮೇಯರ್ ಆಗಬೇಕು?

ಜನ ಇವನನ್ನು ಯಾಕೆ ಒಪ್ಪಿಕೊಂಡರು? ಇದನ್ನು ಕೇಳದೆ ಮುಂದೆ ಹೋದರೆ ನಾವು ಜನರಿಗೆ ಅನ್ಯಾಯ ಮಾಡಿದಂತೆ.

1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಬರ ಬಿತ್ತು. ಹಸಿದವರು ಹಡಗು ಹತ್ತಿ ಅಮೆರಿಕಕ್ಕೆ ಬಂದರು. 1860ರ ಜನಗಣತಿಯ ವೇಳೆಗೆ ನ್ಯೂಯಾರ್ಕಿನ ಸುಮಾರು ಎಂಟು ಲಕ್ಷ ಜನರಲ್ಲಿ ಎರಡು ಲಕ್ಷ ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರು. ಬಹುತೇಕರು ಕ್ಯಾಥೊಲಿಕರು, ಕೂಲಿಗಳು. ನಗರದ ಪ್ರೊಟೆಸ್ಟೆಂಟ್ ಸಿರಿವಂತರಿಗೆ ಅವರ ಧರ್ಮ ಅನುಮಾನದ್ದು, ಅವರ ಮಾತು ನಗೆಪಾಟಲು, ಅವರ ಬೀದಿ ರೋಗದ ಬೀಡು. ಕೆಲಸದ ಜಾಹೀರಾತುಗಳಲ್ಲಿ ಐರಿಷರು ಅರ್ಜಿ ಹಾಕುವುದು ಬೇಡ ಎಂದು ಅಚ್ಚು ಹಾಕಿಸುವವರಿದ್ದರು. ಪಿಂಚಣಿ ಇಲ್ಲ, ರೇಷನ್ ಇಲ್ಲ, ನಿರುದ್ಯೋಗ ಭತ್ಯೆ ಇಲ್ಲ. ಗಂಡ ಸತ್ತರೆ ಹೆಂಡತಿ, ಮಕ್ಕಳು ಬೀದಿಗೆ. ಧರ್ಮಸಂಸ್ಥೆಗಳ ಬಾಗಿಲಿಗೆ ಹೋದರೆ ‘ನೀನು ಕುಡಿಯುತ್ತೀಯಾ, ನಿನ್ನ ನಡತೆ ಹೇಗೆ’ ಎಂಬ ವಿಚಾರಣೆ.

ಅಂಥ ಊರಿನಲ್ಲಿ ಏನೂ ಕೇಳದೆ ತೆರೆಯುವ ಬಾಗಿಲು ಒಂದೇ ಒಂದಿತ್ತು. ಅದು ಟ್ಯಾಮನಿಯ ವಾರ್ಡ್ ಪುಢಾರಿಯ ಬಾಗಿಲು. ಅವನು ಕೂಲಿ ಕೊಡಿಸುತ್ತಿದ್ದ, ಕೋರ್ಟಿಗೆ ಬರುತ್ತಿದ್ದ, ಮಯ್ಯತ್ತಿಗೂ ಬರುತ್ತಿದ್ದ. ನಾಗರಿಕತ್ವದ ಕಾಗದ ಮಾಡಿಸಿಕೊಡುತ್ತಿದ್ದ. 1868ರ ಚುನಾವಣೆಯ ವರ್ಷದಲ್ಲಿ ಟ್ಯಾಮನಿಗೆ ಬೇಕಾದ ನ್ಯಾಯಾಧೀಶರು ಕೂತು ಸುಮಾರು 41 ಸಾವಿರ ವಲಸೆಗಾರರನ್ನು ನಾಗರಿಕರನ್ನಾಗಿ ಮಾಡಿದರು. ಹಿಂದಿನ ವರ್ಷಗಳ ಸರಾಸರಿ ಒಂಬತ್ತು ಸಾವಿರದಷ್ಟು ಮಾತ್ರ. ಕಾನೂನಿನ ಕಣ್ಣಲ್ಲಿ ಇದು ಮೋಸ. ಆ ಕಾಗದ ಕೈಗೆ ಬಂದ ಕೂಲಿಯ ಕಣ್ಣಲ್ಲಿ?

1863ರ ಘಟನೆ ಇನ್ನೂ ಸ್ಪಷ್ಟ. ಅಮೆರಿಕದ ಅಂತರ್ಯುದ್ಧಕ್ಕೆ ಕಡ್ಡಾಯವಾಗಿ ಸೈನಿಕರನ್ನು ಸೇರಿಸಿಕೊಳ್ಳುವ ಕಾನೂನು ಬಂತು. 300 ಡಾಲರ್ ಕಟ್ಟಿದವನಿಗೆ ವಿನಾಯಿತಿ. ಶ್ರೀಮಂತನ ಮಗ ಹಣ ಕಟ್ಟಿ ಮನೆಯಲ್ಲಿ ಉಳಿಯಬಹುದು, ಕೂಲಿಯ ಮಗ ಸಾಯಲು ಹೋಗಬೇಕು. ಜುಲೈ 13ರಿಂದ ನಾಲ್ಕು ದಿನ ನಗರ ಹೊತ್ತಿ ಉರಿಯಿತು. ಸೇನೆ ಬಂದ ಮೇಲೆ ಗಲಭೆ ನಿಂತಿತು, ಸಿಟ್ಟು ನಿಲ್ಲಲಿಲ್ಲ. ಆಗ ಟ್ವೀಡ್ ಇದ್ದ ಸೂಪರ್‌ವೈಸರ್ ಮಂಡಳಿ ಸಾಲ ಎತ್ತಿ, ಬಡವರ ಪರವಾಗಿ ಹಣ ಕೊಟ್ಟು ಬದಲಿ ಸೈನಿಕರನ್ನು ಕಳಿಸುವ ಏರ್ಪಾಡು ಮಾಡಿತು. ತನ್ನ ಮಗನನ್ನು ಹೀಗೆ ಉಳಿಸಿಕೊಂಡ ತಾಯಿ ಟ್ವೀಡನಿಗೆ ದುವಾ ಮಾಡಿದರೆ ಅವಳನ್ನು ನಾನು ಬೈಯಲಾರೆ.

ಧಣಿಯ ಪರ ವಾದಿಸುವವರು ಹೇಳುವುದೂ ಇಷ್ಟನ್ನೇ. ಅವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಅವನ ಲೆಕ್ಕಪುಸ್ತಕವನ್ನೂ ತೆರೆಯೋಣ.

1870ರಲ್ಲಿ ಟ್ವೀಡ್ ರಾಜ್ಯದ ಶಾಸನಸಭೆಯಿಂದ ನಗರಕ್ಕೊಂದು ಹೊಸ ಸನ್ನದು ತಂದ. ಅದಕ್ಕಾಗಿ ಶಾಸಕರಿಗೆ ಲಂಚ ಸುರಿದ. ಸನ್ನದಿನ ಹೆಸರು ದೊಡ್ಡದು: ನಗರಕ್ಕೆ ಸ್ವಯಮಾಡಳಿತ. ಸ್ವಯಮಾಡಳಿತದ ಮಾತನ್ನು ಕೇಳಿ ಒಳ್ಳೆಯವರೂ ಬೆಂಬಲಿಸಿದರು. ಅದರ ಆಸುಪಾಸಿನಲ್ಲೇ, ನಗರದ ಬಾಕಿ ಬಿಲ್ಲುಗಳನ್ನು ಮಂಜೂರು ಮಾಡುವ ಅಧಿಕಾರ ಪುಟ್ಟದೊಂದು ಆಡಿಟ್ ಮಂಡಳಿಗೆ ಬಂತು. ಅದರಲ್ಲಿದ್ದವರು ಮೇಯರ್ ಓಕಿ ಹಾಲ್, ಕಂಟ್ರೋಲರ್ ರಿಚರ್ಡ್ ಕೊನಾಲಿ ಮತ್ತು ಟ್ವೀಡ್. ತಂತ್ರಗಾರ ಪೀಟರ್ ಸ್ವೀನಿಯನ್ನೂ ಸೇರಿಸಿದರೆ ಗುಂಪು ಪೂರ್ತಿಯಾಗುತ್ತಿತ್ತು. ಕಳ್ಳರೇ ಕಾವಲಿಗೆ ಕೂತರು.

ವಿಧಾನ ಸರಳ. ಗುತ್ತಿಗೆದಾರ ಒಂದು ರೂಪಾಯಿಯ ಕೆಲಸಕ್ಕೆ ಮೂರು ರೂಪಾಯಿಯ ಬಿಲ್ಲು ತರಬೇಕು. ಬಿಲ್ಲು ಕೂಡಲೇ ಪಾಸಾಗುತ್ತದೆ. ಹಣ ಬಂದ ಮೇಲೆ ಗುಂಪಿನ ಪಾಲು ಹಿಂದಕ್ಕೆ ಕೊಡಬೇಕು. ಆ ಪಾಲು ಬರಬರುತ್ತ ನೂರಕ್ಕೆ 65ಕ್ಕೆ ಏರಿತು. ಪಾಲು ಕೊಡಲು ಒಪ್ಪದವನ ಬಿಲ್ಲು ಮೇಜಿನ ಮೇಲೇ ಕೊಳೆಯುತ್ತದೆ. ಪರ್ಸೆಂಟೇಜ್ ಎಂಬ ಪದ ನಮ್ಮ ಓದುಗರಿಗೆ ಹೊಸದೇನಲ್ಲ.

ಇದಕ್ಕೆಲ್ಲ ಸ್ಮಾರಕವೆಂದರೆ ನಗರಸಭೆಯ ಹಿಂದೆ ಚೇಂಬರ್ಸ್ ಬೀದಿಯಲ್ಲಿ 1861ರಲ್ಲಿ ಕಟ್ಟತೊಡಗಿದ ಕೌಂಟಿ ನ್ಯಾಯಾಲಯ. ಅದಕ್ಕೆ ಆದ ಖರ್ಚು ಒಂದು ಕೋಟಿ 20 ಲಕ್ಷ ಡಾಲರಿಗೂ ಮೇಲೆ. 1867ರಲ್ಲಿ ಅಮೆರಿಕ ಸರ್ಕಾರ ರಷ್ಯಾದಿಂದ ಇಡೀ ಅಲಾಸ್ಕವನ್ನು ಕೊಂಡದ್ದು 72 ಲಕ್ಷ ಡಾಲರಿಗೆ. ಮೂರು ಮೇಜು, ನಲವತ್ತು ಕುರ್ಚಿಗೆ 1,79,729 ಡಾಲರ್ ಎಂಬ ಬಿಲ್ಲು ಇತ್ತು. ಆಂಡ್ರ್ಯೂ ಗಾರ್ವಿ ಎಂಬ ಗಾರೆ ಗುತ್ತಿಗೆದಾರನಿಗೆ ಎರಡೇ ದಿನದ ಕೆಲಸಕ್ಕೆ 1,33,187 ಡಾಲರ್ ಕೊಡಲಾಗಿತ್ತು. ಆಗ ನಗರದ ಕೂಲಿಗೆ ಸಿಗುತ್ತಿದ್ದದ್ದು ದಿನಕ್ಕೆ ಎರಡು ಡಾಲರ್ ಆಸುಪಾಸು. ಕುರ್ಚಿ ಮಾಡುವವನ ಮಗನಿಗೆ ಕುರ್ಚಿಯ ಬೆಲೆ ಗೊತ್ತಿರಲಿಲ್ಲವೆಂದು ಯಾರು ನಂಬುತ್ತಾರೆ?

ಈಗ ಅವನ ದಾನಕ್ಕೆ ಬರೋಣ. 1870ರ ಚಳಿಗಾಲದಲ್ಲಿ ಟ್ವೀಡ್ ತನ್ನ ವಾರ್ಡಿನ ಬಡವರಿಗೆ ಕಲ್ಲಿದ್ದಲು ಕೊಳ್ಳಲು 50 ಸಾವಿರ ಡಾಲರ್ ಕೊಟ್ಟ. ನಗರವೆಲ್ಲ ಕೊಂಡಾಡಿತು. ಅವನಿಗೊಂದು ಪ್ರತಿಮೆ ನಿಲ್ಲಿಸಬೇಕೆಂಬ ಪ್ರಸ್ತಾಪವೂ ಎದ್ದಿತು. ಅದೇ ಗಾರ್ವಿಯ ಎರಡು ದಿನದ ಬಿಲ್ಲನ್ನು ತೆಗೆದುಕೊಳ್ಳಿ. ನೂರಕ್ಕೆ 65ರ ದರದಲ್ಲಿ ಗುಂಪಿನ ಪಾಲು ಲೆಕ್ಕ ಹಾಕಿದರೆ 86 ಸಾವಿರ ಡಾಲರಿಗೂ ಹೆಚ್ಚಾಗುತ್ತದೆ. ಊರೆಲ್ಲ ಕೊಂಡಾಡಿದ ಆ ಮಹಾದಾನ ಎರಡು ದಿನದ ಗಾರೆ ಬಿಲ್ಲಿನ ಕಮಿಷನ್ನಿಗೂ ಸಮವಲ್ಲ. ಕಮಿಷನ್ನಿನಲ್ಲಿ ಕಲ್ಲಿದ್ದಲು ಹಂಚಿದ ಮೇಲೂ 36 ಸಾವಿರ ಉಳಿಯುತ್ತಿತ್ತು. ಮರುವರ್ಷ ಮೇ ತಿಂಗಳಲ್ಲಿ ಅವನ ಮಗಳ ಮದುವೆ ನಡೆದಾಗ ಬಂದ ಉಡುಗೊರೆಗಳ ಬೆಲೆ ಏಳು ಲಕ್ಷ ಡಾಲರ್ ಎಂದು ಆಗಿನ ಪತ್ರಿಕೆಗಳು ಬರೆದವು.

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆ ನಮ್ಮಲ್ಲಿದೆ. ಟ್ವೀಡ್ ಒಡವೆಯನ್ನು ಪೂರ್ತಿ ದಾನ ಮಾಡಲೂ ಇಲ್ಲ. ಒಡವೆ ಕದ್ದು, ಅದರ ಡಬ್ಬಿಯನ್ನು ಅತ್ತೆಗೇ ದಾನ ಕೊಟ್ಟು, ಅವಳಿಂದಲೇ ಕೈ ಮುಗಿಸಿಕೊಂಡ.

‘ನಗರದ ಖಜಾನೆ ಶ್ರೀಮಂತರ ತೆರಿಗೆಯಿಂದ ತುಂಬಿದ್ದು, ಬಡವರಿಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಇದು ಜಾಣರ ಪ್ರಶ್ನೆ, ಉತ್ತರ ಕೊಡಲೇಬೇಕು. ಟ್ವೀಡ್ ತೆರಿಗೆ ಹೆಚ್ಚಿಸಿ ಸಿರಿವಂತರನ್ನು ಕೆಣಕಲಿಲ್ಲ, ಸಾಲ ಮಾಡಿದ. 1869ರ ಆರಂಭದಲ್ಲಿ ಮೂರು ಕೋಟಿ 60 ಲಕ್ಷ ಡಾಲರಿದ್ದ ನಗರದ ಸಾಲ 1871ರ ಹೊತ್ತಿಗೆ ಒಂಬತ್ತು ಕೋಟಿ 70 ಲಕ್ಷದಷ್ಟಾಯಿತು. ಸಾಲ ಪತ್ರ ಕೊಂಡ ಬ್ಯಾಂಕಿನವರಿಗೆ ಬಡ್ಡಿ ಸಿಕ್ಕಿತು. ಗುಟ್ಟು ರಟ್ಟಾಗಿ ಖಜಾನೆ ಮುಚ್ಚಿದಾಗ ಮೊದಲು ಸಂಬಳ ನಿಂತದ್ದು ರಸ್ತೆ ಅಗೆಯುವ ಕೂಲಿಗಳದು. ಅವರೇ ಸಂಬಳ ಕೊಡಿ ಎಂದು ನಗರಸಭೆಯ ಮುಂದೆ ಬಂದು ನಿಂತರು. 1873ರಲ್ಲಿ ದೇಶಕ್ಕೆ ಆರ್ಥಿಕ ಕುಸಿತ ಬಡಿದು ಸಾವಿರಾರು ಜನ ಕೆಲಸ ಕಳೆದುಕೊಂಡರು. ಸಾಲದ ಹೊರೆ ಹೊತ್ತ ನಗರ ಕೈ ಬಿಗಿ ಹಿಡಿಯಿತು. 1874ರ ಜನವರಿ 13ರಂದು ಕೆಲಸ ಕೇಳಲು ಟಾಮ್ಕಿನ್ಸ್ ಚೌಕದಲ್ಲಿ ಸೇರಿದ ನಿರುದ್ಯೋಗಿಗಳನ್ನು ಪೊಲೀಸರು ಲಾಠಿಯಿಂದ ಹೊಡೆದು ಚದುರಿಸಿದರು. ಕಲ್ಲಿದ್ದಲು ಹಂಚಿದವನು ಆಗ ಜೈಲಿನಲ್ಲಿದ್ದ. ಬಿಲ್ಲು ಬಡವರ ಬೆನ್ನ ಮೇಲೆ ಬಂತು.

ಹಣದ ನಷ್ಟಕ್ಕಿಂತ ದೊಡ್ಡದು ಇನ್ನೊಂದಿದೆ. ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎನ್ನುತ್ತಾರೆ ನಮ್ಮ ಹಿರಿಯರು. ಧಣಿಯ ಇಡೀ ವ್ಯವಹಾರ ನಿಂತಿರುವುದೇ ಆ ಅಪ್ಪಣೆಯ ಮೇಲೆ. ಕೂಲಿಗೆ ಕೆಲಸ ಸಿಗಬೇಕಾದದ್ದು ಅವನ ತೋಳಿನ ಶಕ್ತಿಗೆ, ನಾಗರಿಕತ್ವ ಸಿಗಬೇಕಾದದ್ದು ಕಾನೂನಿನಿಂದ. ಧಣಿ ಮಧ್ಯೆ ನಿಂತು ಅದೆಲ್ಲವನ್ನೂ ತನ್ನ ದಯೆಯನ್ನಾಗಿ ಮಾಡಿಕೊಳ್ಳುತ್ತಾನೆ. ಹಕ್ಕಾಗಿ ಪಡೆದವನು ತಲೆ ಎತ್ತಿ ನಡೆಯುತ್ತಾನೆ. ದಯೆಯಾಗಿ ಪಡೆದವನು ಮುಂದಿನ ಚುನಾವಣೆಯವರೆಗೆ ಕೈಕಟ್ಟಿ ನಿಲ್ಲಬೇಕು.

ಆ ದಯೆಗೂ ಲೆಕ್ಕಾಚಾರವಿತ್ತು. ಮತ ಇದ್ದಲ್ಲಿಗೆ ಅದು ಹೋಗುತ್ತಿತ್ತು. 1863ರ ಗಲಭೆಯಲ್ಲಿ ಗುಂಪುಗಳು ಕಪ್ಪು ಜನರನ್ನು ಬೀದಿಯಲ್ಲಿ ನೇಣು ಹಾಕಿದವು, ಫಿಫ್ತ್ ಅವೆನ್ಯೂದಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯವನ್ನು ಸುಟ್ಟುಹಾಕಿದವು. ನ್ಯೂಯಾರ್ಕ್ ರಾಜ್ಯದಲ್ಲಿ ಆಗ ಕಪ್ಪು ಮನುಷ್ಯನಿಗೆ 250 ಡಾಲರಿನ ಆಸ್ತಿ ಇದ್ದರಷ್ಟೇ ಮತದಾನದ ಹಕ್ಕು. ಬಿಳಿಯನಿಗೆ ಆ ನಿಯಮವಿರಲಿಲ್ಲ. ಈ ಭೇದವನ್ನು ತೆಗೆಯುವ ಸಂವಿಧಾನದ ಹದಿನೈದನೇ ತಿದ್ದುಪಡಿಗೆ ರಾಜ್ಯ ಕೊಟ್ಟಿದ್ದ ಒಪ್ಪಿಗೆಯನ್ನು 1870ರ ಜನವರಿಯಲ್ಲಿ, ಬಹುಮತಕ್ಕೆ ಬಂದ ಕೂಡಲೇ, ಟ್ವೀಡನ ಪಕ್ಷ ಹಿಂತೆಗೆದುಕೊಂಡಿತು. ಬಡವರ ಬಂಧು ಎಂಬುವನ ಬಡವರ ಪಟ್ಟಿಯಲ್ಲಿ ಕಡುಬಡವರಿಗೆ ಜಾಗವಿರಲಿಲ್ಲ. ಯಾವ ಊರಿನ ಧಣಿಯನ್ನಾದರೂ ಅಳೆಯಬೇಕಾದರೆ ಅವನು ಯಾರಿಗೆ ಕೊಟ್ಟ ಎಂಬುದರ ಜೊತೆಗೆ ಯಾರಿಗೆ ಕೊಡಲಿಲ್ಲ ಎಂಬುದನ್ನೂ ಕೇಳಬೇಕು.

ಇನ್ನು ಅವನು ಕೊಂಡುಕೊಂಡ ಮತಕ್ಕಾದರೂ ಬೆಲೆಯಿತ್ತೇ? 1877ರಲ್ಲಿ ನಗರಸಭೆಯ ಸಮಿತಿಯ ಮುಂದೆ ಹೇಳಿಕೆ ಕೊಡುವಾಗ ಟ್ವೀಡನೇ ಇದಕ್ಕೆ ಉತ್ತರ ಹೇಳಿದ್ದಾನೆ. ಫಲಿತಾಂಶವನ್ನು ತೀರ್ಮಾನಿಸಿದ್ದು ಮತಪತ್ರಗಳಲ್ಲ, ಎಣಿಸುವವರು ಎಂಬ ಅರ್ಥದ ಮಾತು ಅವನದು. ಕಲ್ಲಿದ್ದಲಿಗೆ ಪ್ರತಿಯಾಗಿ ಬಡವ ಕೊಟ್ಟ ಆ ಒಂದು ಮತವನ್ನೂ ಧಣಿ ಎಣಿಸುವ ಗೌರವ ತೋರಲಿಲ್ಲ.

ಟ್ವೀಡ್ ಬಿದ್ದದ್ದು ಹೇಗೆ? 1871ರ ಜನವರಿಯಲ್ಲಿ ಕೌಂಟಿಯ ಲೆಕ್ಕಾಧಿಕಾರಿ ಜೇಮ್ಸ್ ವಾಟ್ಸನ್ ಅಪಘಾತದಲ್ಲಿ ಸತ್ತ. ಗುಂಪಿನ ಗುಟ್ಟಿನ ಲೆಕ್ಕವೆಲ್ಲ ಅವನ ಕೈಯಲ್ಲಿತ್ತು. ಮ್ಯಾಥ್ಯೂ ಓ’ರೂರ್ಕ್ ಎಂಬ ಗುಮಾಸ್ತ ಕಚೇರಿಯ ಪುಸ್ತಕಗಳಿಂದ ಅಂಕಿಗಳನ್ನು ನಕಲು ಮಾಡಿಕೊಂಡ. ಟ್ವೀಡನ ಮೇಲೆ ಮುನಿಸಿಕೊಂಡಿದ್ದ ಮಾಜಿ ಶೆರಿಫ್ ಜೇಮ್ಸ್ ಓ’ಬ್ರಿಯೆನ್ ಇನ್ನಷ್ಟು ಲೆಕ್ಕಗಳನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಮುಟ್ಟಿಸಿದ. ಜುಲೈ ತಿಂಗಳಲ್ಲಿ ಅವು ಅಚ್ಚಾಗತೊಡಗಿದವು. ಜುಲೈ 29ರ ವಿಶೇಷ ಪುರವಣಿಯಲ್ಲಿ ಜರ್ಮನ್ ಭಾಷೆಯಲ್ಲೂ ಲೆಕ್ಕ ಕೊಟ್ಟರು, ನಗರದ ಜರ್ಮನ್ ಕೆಲಸಗಾರರು ಓದಲಿ ಎಂದು. ಜನರ ಭಾಷೆಯಲ್ಲಿ ಲೆಕ್ಕ ಕೊಡುವುದು ಎಷ್ಟು ದೊಡ್ಡ ಅಸ್ತ್ರ ಎನ್ನುವುದನ್ನು ಪತ್ರಿಕೆ ನಡೆಸುವ ನಮ್ಮವರು ಗಮನಿಸಬೇಕು. ಪ್ರಕಟಿಸದಿರಲು ಪತ್ರಿಕೆಯ ಮಾಲೀಕ ಜಾರ್ಜ್ ಜೋನ್ಸ್ ಅವರಿಗೆ 50 ಲಕ್ಷ ಡಾಲರಿನ ಆಮಿಷ ಬಂದಿತ್ತು ಎನ್ನುತ್ತಾರೆ. ಅವರು ಬಗ್ಗಲಿಲ್ಲ.

‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರರು ಟ್ವೀಡನನ್ನು ಹಣದ ಚೀಲವೇ ತಲೆಯಾದವನಂತೆ, ಹೆಣಕ್ಕೆ ಕಾದು ಕೂತ ರಣಹದ್ದಿನಂತೆ ಬರೆದರು. ಓದು ಬಾರದ ನನ್ನ ಜನರಿಗೂ ಚಿತ್ರ ಕಾಣುತ್ತದಲ್ಲ ಎಂದು ಟ್ವೀಡ್ ಗೊಣಗಿದನೆಂಬ ಪ್ರತೀತಿ ಇದೆ.

ನಾಸ್ಟ್ ಅವರ ಧೈರ್ಯಕ್ಕೆ ನನ್ನ ಸಲಾಮು. ಆದರೆ ಅದೇ ಕುಂಚ 1871ರ ಸೆಪ್ಟೆಂಬರ್ 30ರಂದು ‘ಅಮೆರಿಕದ ಗಂಗಾ ನದಿ’ ಎಂಬ ಚಿತ್ರವನ್ನೂ ಬರೆಯಿತು. ನದಿಯಿಂದ ಮೊಸಳೆಗಳು ದಡಕ್ಕೆ ತೆವಳಿ ಬರುತ್ತಿವೆ. ಹತ್ತಿರದಿಂದ ನೋಡಿದರೆ ಅವು ಕ್ಯಾಥೊಲಿಕ್ ಬಿಷಪ್ಪರು, ಅವರ ಟೋಪಿಯೇ ಮೊಸಳೆಯ ಬಾಯಿ. ದಡದಲ್ಲಿ ಹೆದರಿದ ಅಮೆರಿಕನ್ ಮಕ್ಕಳು. ಮೇಲಿನಿಂದ ಟ್ವೀಡನ ಗುಂಪು ಮಕ್ಕಳನ್ನು ಕೆಳಕ್ಕೆ ತಳ್ಳುತ್ತಿದೆ. ನಾಸ್ಟ್ ಬರೆಯುತ್ತಿದ್ದ ಐರಿಷರ ಮುಖ ಮನುಷ್ಯರದ್ದಾಗಿರುತ್ತಿರಲಿಲ್ಲ, ಮಂಗನದಾಗಿರುತ್ತಿತ್ತು. ಒಬ್ಬನ ಕಳ್ಳತನ ಒಂದು ಧರ್ಮದ, ಒಂದು ಕುಲದ ಗುಣವಾಗಿ ಬದಲಾಗಲು ಕುಂಚದ ಎರಡು ಗೀಟು ಸಾಕಾಯಿತು.

ಅಸಲಿಗೆ ಟ್ವೀಡ್ ಐರಿಷ್ ಕ್ಯಾಥೊಲಿಕನೇ ಅಲ್ಲ. ಅವನು ಸ್ಕಾಟಿಷ್ ಮೂಲದ ಪ್ರೊಟೆಸ್ಟೆಂಟ್. ಓ’ರೂರ್ಕ್, ಓ’ಬ್ರಿಯೆನ್ ಎಂಬ ಹೆಸರುಗಳನ್ನು ಗಮನಿಸಿ: ಲೆಕ್ಕ ಹೊರಗೆ ತಂದವರು ಐರಿಷ್ ಹೆಸರಿನವರು. ನಗರದ ಹಣ ವಾಪಸು ಪಡೆಯಲು ಸರ್ಕಾರದ ಪರವಾಗಿ ಮೊಕದ್ದಮೆ ನಡೆಸಿದ ಪ್ರಮುಖ ವಕೀಲರಾದ ಚಾರ್ಲ್ಸ್ ಓ’ಕಾನರ್ ಐರಿಷ್ ವಲಸೆಗಾರರ ಮಗ, ಕ್ಯಾಥೊಲಿಕ್. ಇದು ಯಾವುದೂ ಮೊಸಳೆಯ ಚಿತ್ರದಲ್ಲಿ ಕಾಣುವುದಿಲ್ಲ. ಧಣಿಯನ್ನು ತಮ್ಮ ರಕ್ಷಕನೆಂದು ನಂಬಿದ ಸಮುದಾಯ ಕಟ್ಟುವ ಬೆಲೆ ಇದು. ಅವನು ಲೂಟಿ ಮಾಡುವಾಗ ಪಾಲು ನಾಲ್ವರದು, ಸಿಕ್ಕಿಬಿದ್ದಾಗ ಕೆಸರು ಎಲ್ಲರ ಮೇಲೆ. ಎಲ್ಲೇ ಆಗಲಿ, ಅಲ್ಪಸಂಖ್ಯಾತರಾಗಿ ಬದುಕುವವರು ಈ ಪಾಠವನ್ನು ಎರಡು ಸಲ ಓದಬೇಕು. ‘ನಮ್ಮವನು’ ಎಂಬ ಕಾರಣಕ್ಕೆ ಕಳ್ಳನನ್ನು ಹೊತ್ತು ಮೆರೆಸಿದರೆ ನಮ್ಮ ವೈರಿಯ ಕೈಗೆ ಕುಂಚವನ್ನು ನಾವೇ ಕೊಟ್ಟಂತೆ.

ಸುಧಾರಕರು ಏನು ಮಾಡಿದರು ಎಂಬುದನ್ನೂ ಹೇಳದೆ ಬಿಟ್ಟರೆ ಈ ಲೇಖನ ಒಂದು ಕಣ್ಣಿನದಾಗುತ್ತದೆ. ಟ್ವೀಡನ ವಿರುದ್ಧ ಹೋರಾಡಿ ಹೆಸರು ಮಾಡಿದ ಸ್ಯಾಮ್ಯುಯೆಲ್ ಟಿಲ್ಡನ್ 1875ರಲ್ಲಿ ರಾಜ್ಯದ ಗವರ್ನರ್ ಆದರು. ನಗರಗಳ ಆಡಳಿತ ಸರಿಪಡಿಸಲು ಅವರು ಒಂದು ಆಯೋಗ ನೇಮಿಸಿದರು. 1877ರಲ್ಲಿ ಬಂದ ಅದರ ವರದಿ ಏನು ಹೇಳಿತು ಗೊತ್ತೇ? ನಗರದ ಹಣಕಾಸು ನೋಡಿಕೊಳ್ಳುವ ಮಂಡಳಿಯನ್ನು ಆಸ್ತಿ ತೆರಿಗೆ ಕಟ್ಟುವವರು, ದೊಡ್ಡ ಬಾಡಿಗೆ ಕೊಡುವವರು ಮಾತ್ರ ಆರಿಸಬೇಕಂತೆ. ಅಂದರೆ ಬಡವನ ಮತ ಖಜಾನೆಯ ಹತ್ತಿರ ಸುಳಿಯಬಾರದು. ಶಾಸನಸಭೆ ಅದನ್ನು ಒಮ್ಮೆ ಪಾಸು ಮಾಡಿಯೂ ಆಯಿತು. ಜನ ಎಚ್ಚೆತ್ತು ವಿರೋಧಿಸಿದ್ದರಿಂದ 1878ರಲ್ಲಿ ಎರಡನೇ ಸಲ ಅದು ದಾಟಲಿಲ್ಲ.

ಧಣಿ ಬಡವನ ಮತವನ್ನು ಕದ್ದ. ಸಭ್ಯರು ಅದನ್ನು ಕಿತ್ತುಕೊಳ್ಳಲು ನೋಡಿದರು. ‘ಕೊಡುತ್ತಾನಲ್ಲ’ ಎನ್ನುವ ಮಾತು ಬಡವರ ಬಾಯಲ್ಲಿ ಯಾಕೆ ಸಾಯುವುದಿಲ್ಲ ಎಂದು ಬೇಸರಪಡುವ ನಮ್ಮ ನಗರದ ಸಜ್ಜನರು ಇದನ್ನು ಯೋಚಿಸಬೇಕು. 1871ರ ನವೆಂಬರಿನಲ್ಲಿ, ಅಷ್ಟೆಲ್ಲ ಲೆಕ್ಕ ಅಚ್ಚಾದ ಮೇಲೂ, ಟ್ವೀಡನ ಕ್ಷೇತ್ರ ಅವನನ್ನು ಮತ್ತೆ ಸೆನೆಟ್ಟಿಗೆ ಆರಿಸಿತು. ಆ ಎಣಿಕೆಯಲ್ಲಿ ಮೋಸ ಎಷ್ಟಿತ್ತೋ. ಪ್ರೀತಿಯೂ ಇತ್ತು. ಸುಧಾರಕರು ಕಳ್ಳನ ಬಾಗಿಲನ್ನು ಮುಚ್ಚಿಸಲು ಬಂದರೇ ಹೊರತು ಇನ್ನೊಂದು ಬಾಗಿಲನ್ನು ತೆರೆಯಲು ಬರಲಿಲ್ಲ.

ಟ್ವೀಡನ ಕೊನೆ ಕತೆಗಾರನಿಗೆ ಆಸೆ ಹುಟ್ಟಿಸುವಂಥದು. 1873ರ ನವೆಂಬರಿನಲ್ಲಿ 12 ವರ್ಷ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ಒಂದು ವರ್ಷಕ್ಕೆ ಇಳಿಸಿತು. 1875ರಲ್ಲಿ ಹೊರಬರುತ್ತಿದ್ದಂತೆ 60 ಲಕ್ಷ ಡಾಲರ್ ವಸೂಲಿಯ ದಾವೆಯಲ್ಲಿ ಮತ್ತೆ ಬಂಧನ. ಜಾಮೀನು 30 ಲಕ್ಷ. ಅವನು ಸೂಪರ್‌ವೈಸರ್ ಆಗಿದ್ದ ಕಾಲದಲ್ಲಿ ಕಟ್ಟಿದ ಲಡ್ಲೊ ಬೀದಿಯ ಜೈಲಿಗೇ ಅವನನ್ನು ಹಾಕಿದರು. ಡಿಸೆಂಬರಿನಲ್ಲಿ ಮನೆಯವರನ್ನು ನೋಡಿಬರುವ ನೆಪದಲ್ಲಿ ಹೋದವನು ತಪ್ಪಿಸಿಕೊಂಡ. ಫ್ಲಾರಿಡಾ, ಕ್ಯೂಬಾ ಹಾದು ನಾವಿಕನ ವೇಷದಲ್ಲಿ 1876ರಲ್ಲಿ ಸ್ಪೇನಿನ ವೀಗೊ ಬಂದರು ಸೇರಿದ. ಅಲ್ಲಿ ಅವನನ್ನು ಗುರುತು ಹಿಡಿಯಲು ನೆರವಾದದ್ದು ನಾಸ್ಟ್ ಅವರ ಚಿತ್ರ. ಅದರಲ್ಲಿ ಟ್ವೀಡ್ ಇಬ್ಬರು ಹುಡುಗರ ಕೊರಳಪಟ್ಟಿ ಹಿಡಿದಿದ್ದ. ಸ್ಪೇನಿನವರು ಅವನನ್ನು ಮಕ್ಕಳ ಕಳ್ಳನೆಂದೇ ತಿಳಿದರಂತೆ.

ಬಿಡುಗಡೆಯ ಆಸೆಯಿಂದ ಎಲ್ಲವನ್ನೂ ಒಪ್ಪಿಕೊಂಡ, ಬಿಡುಗಡೆ ಸಿಗಲಿಲ್ಲ. 1878ರ ಏಪ್ರಿಲ್ 12ರಂದು ಅದೇ ಜೈಲಿನಲ್ಲಿ ನ್ಯುಮೋನಿಯಾದಿಂದ ಸತ್ತ. ವಯಸ್ಸು 55. ಮೇಯರ್ ಹಾಲ್ ಖುಲಾಸೆಯಾಗಿದ್ದ. ಕೊನಾಲಿ ಹಣದೊಂದಿಗೆ ವಿದೇಶಕ್ಕೆ ಓಡಿಹೋಗಿದ್ದ. ಸ್ವೀನಿ ನಾಲ್ಕು ಲಕ್ಷ ಡಾಲರ್ ಕಟ್ಟಿ, ಅದನ್ನು ಸತ್ತುಹೋದ ತಮ್ಮನ ತಲೆಗೆ ಹೊರಿಸಿ ಕೈತೊಳೆದುಕೊಂಡ. ಒಟ್ಟು ಲೂಟಿಯ ಅಂದಾಜು ಎರಡೂವರೆ ಕೋಟಿಯಿಂದ 20 ಕೋಟಿ ಡಾಲರಿನವರೆಗೂ ಇದೆ. ಖಜಾನೆಗೆ ಹಿಂದಿರುಗಿದ್ದು ಅದರ ಚಿಕ್ಕ ಚೂರು. ಟ್ವೀಡನೊಬ್ಬನನ್ನೇ ಬಲಿಪಶು ಮಾಡಲಾಯಿತು ಎಂದು 1977ರಲ್ಲಿ ಲಿಯೋ ಹರ್ಷ್‌ಕೊವಿಟ್ಸ್ ಎಂಬ ಇತಿಹಾಸಕಾರರು ವಾದಿಸಿದರು. ಅವನೊಬ್ಬನೇ ಕಳ್ಳನಲ್ಲ ಎಂಬುದು ನಿಜ. ಅದರಿಂದ ಅವನು ಕಳ್ಳನಲ್ಲ ಎಂದಾಗುವುದಿಲ್ಲ.

ಒಬ್ಬ ಟ್ವೀಡ್ ಸತ್ತರೆ ಟ್ಯಾಮನಿ ಸಾಯಲಿಲ್ಲ. ಇನ್ನೊಬ್ಬ ಬಾಸ್ ಬಂದ, ಮತ್ತೊಬ್ಬ ಬಂದ. ಅದು ನಿಜವಾಗಿ ಸೊರಗಿದ್ದು ಹೇಗೆ ಎನ್ನುವುದರಲ್ಲಿ ನಮ್ಮ ಮೊದಲ ಮಾತಿಗೆ ಉತ್ತರವಿದೆ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ತನಿಖಾ ಆಯೋಗಕ್ಕೆ ಮುಖ್ಯಸ್ಥರಾದ ರಾಬರ್ಟ್ ವ್ಯಾಗ್ನರ್ ಮತ್ತು ಅಲ್ ಸ್ಮಿತ್ ಇಬ್ಬರೂ ಟ್ಯಾಮನಿಯ ಗರಡಿಯಲ್ಲಿ ಬೆಳೆದವರು. ಹಳೆಯ ಬಾಸ್ ಆಗಿದ್ದರೆ ಸತ್ತವರ ಮನೆಗೆ ಹಣ, ಕಲ್ಲಿದ್ದಲು ಕಳಿಸಿ ಮುಗಿಸುತ್ತಿದ್ದ. ಇವರು ಕಾರ್ಖಾನೆಗಳ ಒಳಹೊಕ್ಕು ನೋಡಿ, ಕೆಲಸದ ಅವಧಿ, ಬೆಂಕಿಯಿಂದ ರಕ್ಷಣೆ, ಮಕ್ಕಳ ದುಡಿಮೆ ಕುರಿತು ಹತ್ತಾರು ಕಾನೂನುಗಳನ್ನು ತಂದರು. ಅದೇ ವ್ಯಾಗ್ನರ್ ಮುಂದೆ ದೇಶದ ಸೆನೆಟ್ಟಿಗೆ ಹೋಗಿ 1935ರಲ್ಲಿ ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ವಿಮೆ ಕೊಡುವ ಸಾಮಾಜಿಕ ಭದ್ರತಾ ಮಸೂದೆಯನ್ನು ಮಂಡಿಸಿದರು. ವಿಧವೆಗೆ, ಮುದುಕನಿಗೆ ಚೆಕ್ಕು ಅಂಚೆಯಲ್ಲಿ ಬರತೊಡಗಿದ ಮೇಲೆ ಪುಢಾರಿಯ ಬಾಗಿಲಲ್ಲಿ ಸಾಲು ಕರಗಿತು. 1960ರ ದಶಕದ ಹೊತ್ತಿಗೆ ಟ್ಯಾಮನಿಯ ಆಟ ಮುಗಿದಿತ್ತು.

ಧಣಿಗೆ ನಿಜವಾದ ಹೆದರಿಕೆ ಜೈಲಿನದಲ್ಲ, ಹಕ್ಕಿನದು. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾನೂನು, ಮುಂದೆ ‘ಸಕಾಲ’ ಎಂದು ಹೆಸರಾದ ಕರ್ನಾಟಕದ 2011ರ ಸೇವಾ ಖಾತರಿ ಕಾನೂನು ಬಂದದ್ದೂ ಕಚೇರಿಯ ಮೆಟ್ಟಿಲಲ್ಲಿ ಯಾರ ಶಿಫಾರಸೂ ಬೇಡ ಎಂದು ಹೇಳುವುದಕ್ಕೇ. ಅವು ಸೊರಗಿದರೆ ಯಾರಿಗೆ ಲಾಭ ಎಂದು ಬೇರೆ ಹೇಳಬೇಕಾಗಿಲ್ಲ.

ಉರ್ದುವಿನಲ್ಲಿ ‘ನಮಕ್ ಹರಾಮ್’ ಎಂಬ ಬೈಗುಳವಿದೆ, ಕನ್ನಡದಲ್ಲಿ ‘ಉಂಡ ಮನೆಗೆ ಎರಡು ಬಗೆದವನು’ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಇದಕ್ಕಿಂತ ಕೆಟ್ಟ ಮಾತು ಕಡಿಮೆ. ಮರ್ಯಾದಸ್ಥ ಬಡವನನ್ನು ಧಣಿ ಕಟ್ಟಿಹಾಕುವುದು ಈ ಮಾತಿನಿಂದಲೇ. ನನ್ನ ಉಪ್ಪು ತಿಂದಿದ್ದೀಯ, ನನ್ನ ಲೆಕ್ಕ ಕೇಳುತ್ತೀಯಾ? ಅವನಿಗೆ ಕೊಡಬೇಕಾದ ಉತ್ತರ ಒಂದೇ. ಉಪ್ಪು ನಿನ್ನದಲ್ಲ, ನಮ್ಮದು. ಉರ್ದುವಿನಲ್ಲೇ ಇನ್ನೊಂದು ಪದವಿದೆ, ‘ಅಮಾನತ್’. ನಂಬಿ ಒಪ್ಪಿಸಿಟ್ಟ ವಸ್ತು. ಖಜಾನೆ ಅಮಾನತ್. ಅದನ್ನು ಕದ್ದು ಖೈರಾತು ಹಂಚಿದವನಿಗೆ ನಾವು ಋಣಿಗಳಲ್ಲ, ಅವನು ನಮಗೆ ಸಾಲಗಾರ.

ಚೇಂಬರ್ಸ್ ಬೀದಿಯ ಆ ನ್ಯಾಯಾಲಯದ ಕಟ್ಟಡ ಇನ್ನೂ ನಿಂತಿದೆ. 2002ರಿಂದ ಅದು ನಗರದ ಶಿಕ್ಷಣ ಇಲಾಖೆಯ ಕಚೇರಿ. ಜನ ಅದನ್ನು ಈಗಲೂ ಕರೆಯುವುದು ‘ಟ್ವೀಡ್ ಕೋರ್ಟ್‌ಹೌಸ್’ ಎಂದೇ. ಹಣ ಕೊಟ್ಟವರು ನಗರದ ಜನ, ಹೆಸರು ಮಾತ್ರ ಕದ್ದವನದು. ಮುಂದಿನ ಸಲ ಯಾರಾದರೂ ‘ಕೊಡುತ್ತಾನಲ್ಲ’ ಎಂದಾಗ ಸುಮ್ಮನಾಗಬೇಡಿ. ಎಲ್ಲಿಂದ ತಂದು ಕೊಡುತ್ತಾನೆ ಎಂದು ಕೇಳಿ.